ಬೇಡಿದರೂ ಕೊಡಬೇಡ

ಮಾರ್ಚ್ ೩

ಅಕ್ಕಾ,

ಈ ಕಾಗದ ಕೈಗೆ ಸಿಗುವ ಹೊತ್ತಿಗೆ ನೀನು ನನ್ನನ್ನು ಬಾಯಿಗೆ ಬಂದ ಹಾಗೆ ಬೈದು ಸುಸ್ತಾಗಿರುತ್ತೀಯ ಅಂತ ಗೊತ್ತು. ಅದಕ್ಕೇ ಹೇಳದೆ ಹೊರಟೆ. ಹೇಳಿದ್ದರೆ ನೀನು ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ.

ನೀರಿನ ಚಿಕಿತ್ಸೆಯ ಮನೆಗೆ ಬಂದಿದ್ದೇನೆ. ರೇಷ್ಮೆ ಬ್ಲೌಸುಗಳನ್ನು ನಮ್ಮ ಲಾಂಡ್ರಿಗೆ ತರುವ ಆ ಉದ್ದ ಕತ್ತಿನ ಹೆಂಗಸು ಯಾವಾಗಲೂ ಹೇಳುತ್ತಿದ್ದಳಲ್ಲ, ಅದೇ ಮನೆ. ಬೆಟ್ಟದ ದಾರಿ ಮುಗಿಯುವಲ್ಲಿ ಉದ್ದನೆಯ ಹಳೇ ಕಟ್ಟಡ. ಮೊದಲು ಹಾಸ್ಟೆಲ್ ಇದ್ದ ಶಾಲೆಯಾಗಿತ್ತಂತೆ, ಬಾಗಿಲುಗಳ ಮೇಲೆ ತರಗತಿಯ ನಂಬರು ಇನ್ನೂ ಇದೆ. ನಾನು ಏಳನೇ ತರಗತಿಯಲ್ಲಿ ಮಲಗುತ್ತೇನೆ.

ನಗಬೇಡ. ಕತ್ತಿನ ಥೈರಾಯ್ಡ್ ಕೈಕೊಟ್ಟು ಹತ್ತು ವರ್ಷವಾಯಿತು. ಕಿಡ್ನಿಯ ತಲೆ ಮೇಲೆ ಕೂತಿರುವ ಆ ಅಡ್ರಿನಲ್ ಗ್ರಂಥಿ ಕೈಕೊಟ್ಟದ್ದು ಹೋದ ವರ್ಷ. ಒಂದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ, ಇನ್ನೊಂದಕ್ಕೆ ದಿನಕ್ಕೆ ಮೂರು ಹೊತ್ತು ಬಿಳಿ ಮಾತ್ರೆ. ಎಷ್ಟು ದಿನ ಅಂತ ಕೇಳಿದರೆ ಗ್ರಂಥಿ ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಾ “ಇರೋವರೆಗೂ” ಅಂದರು. ನನಗೆ ಮೂವತ್ತಾರು ಅಕ್ಕಾ. ಇರುವವರೆಗೂ ಅನ್ನುವುದು ನನಗೆ ತುಂಬಾ ದೂರ ಕಾಣುತ್ತದೆ.

ಇಲ್ಲಿನ ಚಿಕಿತ್ಸಕರು ನನ್ನ ಕೈ ಹಿಡಿದುಕೊಂಡು ಎಷ್ಟು ಚೆನ್ನಾಗಿ ವಿವರಿಸಿದರು ಗೊತ್ತೇ? “ನಿಮ್ಮ ಗ್ರಂಥಿಗಳು ಸತ್ತಿಲ್ಲಮ್ಮ, ಮಲಗಿವೆ. ಮನೆಗೆ ಅಡುಗೆಯವಳು ಬಂದ್ಮೇಲೆ ಯಜಮಾನಿ ಯಾಕೆ ಎದ್ದು ಒಲೆ ಹಚ್ತಾಳೆ ಹೇಳಿ? ಮಾತ್ರೆ ನಿಲ್ಸಿ, ತಾನಾಗೇ ಏಳ್ತವೆ. ಕತ್ತಿನದು ಅಕ್ಕ, ಕಿಡ್ನಿ ಮೇಲಿಂದು ತಂಗಿ. ಅಕ್ಕನ್ನ ಎಬ್ಬಿಸಿದ್ರೆ ತಂಗಿ ಹಿಂದೇನೇ ಬರ್ತಾಳೆ.” ನನಗೆ ನಮ್ಮಿಬ್ಬರ ನೆನಪಾಗಿ ನಗು ಬಂತು.

ಬಿಳಿ ಮಾತ್ರೆ ಒಂದೇ ಪಟ್ಟಿ ತಂದಿದ್ದೇನೆ. ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ಇಲ್ಲ. ಉಳಿದ ಡಬ್ಬಿ ಅಂಗಡಿಯ ಕೌಂಟರಿನ ಕೆಳಗಿದೆ. ಫೋನು ಇಲ್ಲಿ ಬಿಡುವುದಿಲ್ಲ, ನನ್ನದು ದಿಂಬಿನ ಕೆಳಗೆ ಬಿಟ್ಟು ಬಂದಿದ್ದೇನೆ.

ಈಗ ಮುಖ್ಯ ಮಾತು. ಇಲ್ಲಿಗೆ ಬಂದವರೆಲ್ಲ ಮೊದಲ ದಿನ ಮನೆಯವರಲ್ಲಿ ಒಬ್ಬರನ್ನು ಆರಿಸಿ ಕಟ್ಟುಪತ್ರ ಬರೆಯಬೇಕು. ನನ್ನದು ಇದೇ ಅಂತ ತಿಳಿದುಕೋ. ಮುಂದೆ ನಾನು ಮಾತ್ರೆ ಬೇಡಿದರೆ ಕೊಡಬೇಡ. ಉಪ್ಪು ಬೇಡಿದರೆ ಕಳಿಸಬೇಡ, ಇಲ್ಲಿ ಉಪ್ಪು ನಿಷಿದ್ಧ. ಬಂದು ಕರೆದುಕೊಂಡು ಹೋಗು ಅಂದರೆ ಬರಬೇಡ. ನಾನು ಅಳಬಹುದು, ಆಣೆ ಹಾಕಬಹುದು, ಇದು ರೋಗವಲ್ಲ ನಾನೇ ಅಂತ ಹೇಳಬಹುದು. ನಂಬಬೇಡ. ಚಿಕಿತ್ಸೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ನಡುವೆ ಬಿಡಬೇಕಾದರೆ ಕಟ್ಟುಪತ್ರ ಪಡೆದವರೇ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಗೇಟು ತೆಗೆಯುವುದಿಲ್ಲ.

ನಿನ್ನನ್ನೇ ಯಾಕೆ ಆರಿಸಿದೆ ಅಂದರೆ, ನನಗೆ ‘ಇಲ್ಲ’ ಅನ್ನುವುದರಲ್ಲಿ ನಿನ್ನಷ್ಟು ಪಳಗಿದವರು ಬೇರೆ ಯಾರೂ ಇಲ್ಲ. ಒಪ್ಪಿದೆ ಅಂತ ಒಂದು ಸಾಲು ಬರಿ.

ನಿನ್ನ ತಂಗಿ


ಮಾರ್ಚ್ ೮

ಅರ್ಧಮ್ಮನಿಗೆ,

ಕ್ಷೇಮವೇ ಅಂತ ಕೇಳುವುದಿಲ್ಲ. ಕ್ಷೇಮವಾಗಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆ.

ನೀನು ಕಾಲಿಗೆ ಬುದ್ಧಿ ಹೇಳಿದ ಬೆಳಿಗ್ಗೆ ಹೋಟೆಲಿನಿಂದ ಹಾಸಿಗೆ ಬಟ್ಟೆಯ ಮೂಟೆಗಳು ಬಂದು ಬಿದ್ದಿದ್ದವು. ಬಾಯ್ಲರ್ ಹಚ್ಚಿ “ಏಳೇ” ಅಂತ ಮೇಲಕ್ಕೆ ಕೂಗಿದೆ, ಉತ್ತರವಿಲ್ಲ. ಹತ್ತಿ ನೋಡಿದರೆ ಹೊದಿಕೆ ನೀಟಾಗಿ ಮಡಿಚಿಟ್ಟಿದ್ದೀಯ. ಜನ್ಮದಲ್ಲಿ ಮೊದಲ ಸಲ ಹೊದಿಕೆ ಮಡಿಚಿದೆ, ಅದೂ ಓಡಿಹೋಗುವುದಕ್ಕೆ. ಅಷ್ಟೂ ಮೂಟೆಯನ್ನು ನಾನೊಬ್ಬಳೇ ಒಗೆದು, ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ ಕಳಿಸಿದೆ. ರಾತ್ರಿ ಊಟಕ್ಕೆ ಕೈ ಎತ್ತಲು ಆಗಲಿಲ್ಲ. ನನಗೂ ಗ್ರಂಥಿಗಳಿವೆ ಕಣೇ. ಅವಕ್ಕೆ ಮಲಗಲು ಪುರುಸೊತ್ತಿಲ್ಲ ಅಷ್ಟೆ.

ನಿನ್ನ ಆ ನೀರಪ್ಪನಿಗೆ ನನ್ನ ನಮಸ್ಕಾರ ತಿಳಿಸು. ನೀರಿಗೆ ಅಷ್ಟು ಶಕ್ತಿ ಇದ್ದಿದ್ದರೆ ಇಪ್ಪತ್ತು ವರ್ಷದಿಂದ ದಿನವಿಡೀ ನೀರಿನಲ್ಲೇ ಕೈ ಅದ್ದುವ ನಾನು ಇಷ್ಟು ಹೊತ್ತಿಗೆ ಕುಸ್ತಿಗೆ ಇಳಿಯಬೇಕಾಗಿತ್ತು.

ನಿಜ ಹೇಳಲೇ? ನಿನ್ನ ರೋಗದ ಮೇಲೆ ನನಗೆ ಯಾವತ್ತೂ ನಂಬಿಕೆ ಬಂದಿಲ್ಲ. ಬಟ್ಟೆ ಹಿಂಡುವಾಗ ಸುಸ್ತು, ಸಿನಿಮಾಗೆ ಹೋಗುವಾಗ ಇಲ್ಲ. ಅದಕ್ಕೆ ಡಾಕ್ಟರು ಒಂದು ಹೆಸರಿಟ್ಟರು, ನೀರಪ್ಪ ಇನ್ನೊಂದು ಹೆಸರಿಟ್ಟ. ಸೋಮಾರಿತನ ಅನ್ನುವ ಹಳೇ ಹೆಸರು ಯಾರಿಗೂ ಬೇಡ. ಟೈಪಿಂಗ್ ಕಲಿಯಲು ಹೋದೆ, ಅರ್ಧ. ಹೊಲಿಗೆಗೆ ಹೋದೆ, ಅರ್ಧ. ನೀನು ಹೆಣೆದ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಮದುವೆಯನ್ನೂ ಅರ್ಧಕ್ಕೇ ಬಿಟ್ಟು ಪೆಟ್ಟಿಗೆ ಹೊತ್ತು ಬಂದೆ. ಬಿಡು, ಅವನು ಅರ್ಧಕ್ಕೂ ಲಾಯಕ್ಕಾದವನಾಗಿರಲಿಲ್ಲ.

ಕಟ್ಟುಪತ್ರ ಒಪ್ಪಿದೆ. ಸಂತೋಷದಿಂದ ಒಪ್ಪಿದೆ ಅಂತಲೇ ಬರೆದುಕೋ. ನೀನು ತುಟಿ ಸೊಟ್ಟ ಮಾಡಿದರೆ ಸಾಕು, ಅಮ್ಮ ಕರಗಿ ಹೋಗುತ್ತಿದ್ದಳು. ನಾನು ಕರಗುವವಳಲ್ಲ. ನಿನ್ನ ಮಾತ್ರೆಯ ಡಬ್ಬಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದೇನೆ. ಇದೊಂದನ್ನಾದರೂ ಪೂರ್ತಿ ಮಾಡಿ ಬಾ, ನೋಡೋಣ.

ಅಕ್ಕ


ಮಾರ್ಚ್ ೧೫

ಅಕ್ಕಾ,

ನಿನ್ನ ಕಾಗದವನ್ನು ಪಕ್ಕದ ಮಂಚದವರಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಅವರು ನಿವೃತ್ತ ಭೂಗೋಳದ ಟೀಚರು. ಅವರಿಗೂ ಕತ್ತಿನ ತೊಂದರೆ, ಆದರೆ ಅದೊಂದೇ. “ನಿಮ್ಮಕ್ಕ ಬರೆಯೋ ಹಾಗೆ ನಮ್ಮ ಹೆಡ್‍ಮಿಸ್ಸು ಬೈತಿದ್ರು” ಅಂದರು. ಅವರ ಮಗ ಅವರಿಗೆ ಕಟ್ಟುಪತ್ರ ಒಪ್ಪಿದ್ದೇನೆ ಅಂತ ಒಂದೇ ಸಾಲು ಬರೆದು ಸುಮ್ಮನಾಗಿದ್ದಾನೆ. ನೀನು ನಾಲ್ಕು ಪುಟ ಬರೆದೆ ಅಂತ ನಾನು ಅವರ ಮುಂದೆ ಬೀಗಿದೆ.

ಇಲ್ಲಿ ದಿನ ಹೇಗೆ ಹೋಗುತ್ತದೆ ಅಂದರೆ, ಬೆಳಿಗ್ಗೆ ಕತ್ತಿಗೆ ತಣ್ಣೀರಿನ ಬಟ್ಟೆ ಸುತ್ತುತ್ತಾರೆ. ಆಮೇಲೆ ಕಾಲನ್ನು ತೊಟ್ಟಿಯಲ್ಲಿ ಇಳಿಬಿಟ್ಟು ಕೂರಬೇಕು. ಆಮೇಲೆ ಒಂದು ಚಮಚ ಕಂದು ಪುಡಿ. ಯಾವುದೋ ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಅರೆದದ್ದಂತೆ, ವಾಸನೆ ನಮ್ಮ ಅಂಗಡಿಯ ಹಳೇ ಲೆದರ್ ಕೋಟಿನ ಹಾಗೆ. ಅದನ್ನು ನುಂಗಿದ ಮೇಲೆ ಏನು ಚುರುಕು ಅಕ್ಕಾ! ಎದೆ ದಬದಬ ಹೊಡೆದುಕೊಳ್ಳುತ್ತದೆ, ಒಂದು ಕಡೆ ಕೂರಲಾಗುವುದಿಲ್ಲ. “ನೋಡಿ, ಅಕ್ಕ ಎದ್ದಾಯ್ತು” ಅಂತ ಚಿಕಿತ್ಸಕರು ಚಪ್ಪಾಳೆ ತಟ್ಟಿದರು. ಊಟಕ್ಕೆ ಬೇಯಿಸಿದ ತರಕಾರಿ, ಒಣ ಬ್ರೆಡ್ಡು, ಉಪ್ಪಿಲ್ಲದ್ದು.

ತೂಕ ಇಳಿದಿದೆ. ಸ್ಕರ್ಟಿಗೆ ಪಿನ್ನು ಹಾಕಿಕೊಂಡಿದ್ದೇನೆ. ಬಿಸಿಲಿಗೆ ಹೋಗದಿದ್ದರೂ ಮೈ ಬಣ್ಣ ಗಾಢವಾಗಿದೆ, ಬೆರಳ ಗೆಣ್ಣುಗಳಂತೂ ಕಾಫಿ ಕಲೆಯ ಹಾಗಿವೆ. ವಿಷ ಹೊರಗೆ ಬರುವ ಲಕ್ಷಣ ಅಂತೆ. ಇಲ್ಲಿ ಎಲ್ಲರೂ ನನ್ನನ್ನು ಹೊಗಳುವವರೇ. ಮನೆಯಲ್ಲಿ ಇಷ್ಟು ಹೊಗಳಿಕೆ ಸಿಕ್ಕಿದ್ದರೆ ನಾನು ಯಾಕೆ ಬರುತ್ತಿದ್ದೆ?

ಚಿಂತೆ ಮಾಡುವಂಥದ್ದು ಏನೂ ಇಲ್ಲ. ರಾತ್ರಿ ಸ್ವಲ್ಪ ಚಳಿ ಅನಿಸುತ್ತದೆ. ಆ ಒಂದು ತೋಳಿನ ಸ್ವೆಟರ್ ಬಿಟ್ಟು ಬೇರೆ ಯಾವುದಾದರೂ ಇದ್ದರೆ ಕಳಿಸು. ಯಾರಾದರೂ ನನ್ನನ್ನು ಕೇಳಿದರೇ?

ನಿನ್ನ ತಂಗಿ


ಮಾರ್ಚ್ ೨೧

ಅರ್ಧಮ್ಮನಿಗೆ,

ಸ್ವೆಟರ್ ಕಳಿಸಿದ್ದೇನೆ. ಅದು ನನ್ನದು. ಕಾಲರಿಗೆ ಕಲೆ ಮಾಡಿಕೊಂಡು ಬಂದರೆ ನೀನೇ ಉಜ್ಜಬೇಕು.

ನಿನ್ನನ್ನು ಯಾರೂ ಕೇಳಲಿಲ್ಲ. ರೇಷ್ಮೆ ಬ್ಲೌಸಿನವಳು ಮಾತ್ರ “ಹೋದ್ರಾ ಹೋದ್ರಾ” ಅಂತ ಕುಣಿದಾಡಿದಳು. ನಿನಗಿಂತ ಮುಂಚೆ ಅವಳೇ ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಅವಳಿಗೆ ಪುರುಸೊತ್ತಿಲ್ಲವಂತೆ. ಊರಿಗೆಲ್ಲ ದಾರಿ ತೋರಿಸಿ ತಾನು ಮನೆಯಲ್ಲೇ ಕೂರುವ ಜಾತಿ.

ಹೊಗಳಿಕೆಯ ಮಾತು ಓದಿದೆ. ಚೆನ್ನಾಗಿ ಚುಚ್ಚಿದ್ದೀಯ. ಆದರೆ ಒಂದು ಮಾತು ತಿಳಿದುಕೋ, ನಿನ್ನನ್ನು ಅಲ್ಲಿ ಹೊಗಳುವವರು ನಿನ್ನ ಜೊತೆ ಒಂದು ಮೂಟೆಯನ್ನೂ ಎತ್ತಿಲ್ಲ. ನಾನು ಎತ್ತಿದ್ದೇನೆ, ನಿನ್ನ ಪಾಲಿನದನ್ನೂ ಸೇರಿಸಿ.

ಆದರೂ ನಿನ್ನ ಕಾಗದ ನೋಡಿ ಒಳಗೊಳಗೇ ಆಶ್ಚರ್ಯವಾಯಿತು. ಇಷ್ಟು ದಿನ ಎಲ್ಲೂ ನಿಂತವಳಲ್ಲ ನೀನು. ಆ ಕಂದು ಪುಡಿಯೋ, ಬೆಟ್ಟದ ಗಾಳಿಯೋ, ಏನೋ ಒಂದು ನಿನ್ನನ್ನು ಹಿಡಿದು ಕೂರಿಸಿದೆ. ನೀರಪ್ಪನನ್ನು ಬೈದದ್ದರಲ್ಲಿ ಕಾಲು ಭಾಗ ವಾಪಸ್ ತಗೊಂಡಿದ್ದೇನೆ. ಉಳಿದದ್ದು ಹಾಗೇ ಇರಲಿ.

ಅಕ್ಕ


ಮಾರ್ಚ್ ೨೬

ಅಕ್ಕಾ,

ಸ್ವೆಟರ್ ಬಂತು. ಅದರಲ್ಲಿ ನಮ್ಮ ಅಂಗಡಿಯ ಹಬೆಯ ವಾಸನೆ ಇದೆ, ಮುಖಕ್ಕೆ ಒತ್ತಿಕೊಂಡು ತುಂಬಾ ಹೊತ್ತು ಕೂತೆ.

ಬಿಳಿ ಮಾತ್ರೆ ಪೂರ್ತಿ ನಿಂತಿತು. ಅಂದಿನಿಂದ ಒಂದು ತಮಾಷೆ ಶುರುವಾಗಿದೆ. ಯಾವಾಗ ನೋಡಿದರೂ ಉಪ್ಪಿನ ಯೋಚನೆ. ನಿನ್ನೆ ನಡಿಗೆ ಮುಗಿಸಿ ಬಂದು ನನ್ನ ತೋಳನ್ನೇ ನೆಕ್ಕಿದೆ, ಬೆವರಿನ ಉಪ್ಪಿಗೆ. ಟೀಚರಮ್ಮ ನೋಡಿಬಿಟ್ಟರು. “ಏನ್ರೀ, ಬೆಕ್ಕಿನ ಥರ” ಅಂದರು. ನಕ್ಕೆ. ಅಡುಗೆಮನೆಯ ಕಿಟಕಿಯ ಪಕ್ಕದ ಗೋಡೆಯಲ್ಲಿ ಥಂಡಿಗೆ ಬಿಳಿ ಉಪ್ಪುಪುಡಿ ಎದ್ದಿದೆ, ಅದಕ್ಕೆ ನಾಲಿಗೆ ಹಚ್ಚಿ ನೋಡೋಣ ಅನಿಸಿತು. ಹಚ್ಚಿದೆ. ಇದನ್ನು ಯಾರಿಗೂ ಹೇಳಬೇಡ.

ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರೆ ಸರಿಹೋಗುತ್ತದೆ. ದೊಡ್ಡದೇನಲ್ಲ.

ಒಂದು ಸಣ್ಣ ಕೆಲಸ ಮಾಡು. ಕಟ್ಟುಪತ್ರ ನನಗೆ ನೆನಪಿದೆ, ಮಾತ್ರೆ ಕೇಳುತ್ತಿಲ್ಲ. ಕಾಲುಚೀಲದೊಳಗೆ ಒಂದು ಪೊಟ್ಟಣ ಉಪ್ಪು ಹಾಕಿ ಮಡಿಚಿ ಕಳಿಸು. ಇಲ್ಲಿ ಕಾಲುಚೀಲ ಬಿಚ್ಚಿ ನೋಡುವುದಿಲ್ಲ. ಒಂದು ಪೊಟ್ಟಣ ಉಪ್ಪಿನಿಂದ ಯಾವ ಚಿಕಿತ್ಸೆ ಕೆಡುತ್ತದೆ ಹೇಳು. ನೀನು ಜಾಣೆ, ನೀನೇ ಯೋಚಿಸು.

ನಿನ್ನ ತಂಗಿ


ಏಪ್ರಿಲ್ ೩

ಅರ್ಧಮ್ಮನಿಗೆ,

ಬಂತು ನೋಡು! ನಾನು ಕಾಯುತ್ತಲೇ ಇದ್ದೆ. ಇಷ್ಟು ತಡವಾಗಿ ಬಂತಲ್ಲ ಅಂತ ಆಶ್ಚರ್ಯ. ಕಾಲುಚೀಲದೊಳಗೆ ಉಪ್ಪು! ಶಾಲೆಯಲ್ಲಿ ಪರೀಕ್ಷೆಗೆ ಚೀಟಿ ಬಚ್ಚಿಟ್ಟುಕೊಂಡು ಹೋಗಿದ್ದೂ ಕಾಲುಚೀಲದಲ್ಲೇ ಅಲ್ಲವೇ? ಬುದ್ಧಿ ಅಲ್ಲಿಂದ ಮೇಲಕ್ಕೆ ಏರಲೇ ಇಲ್ಲ.

ಕಳಿಸುವುದಿಲ್ಲ. ಅಷ್ಟೇ ಅಲ್ಲ, ನಿನ್ನ ನೀರಪ್ಪನಿಗೆ ಒಂದು ಕಾಗದ ಹಾಕಿದ್ದೇನೆ. ‘ನನ್ನ ತಂಗಿ ಕದ್ದು ಉಪ್ಪು ತರಿಸಿಕೊಳ್ಳಲು ನೋಡುತ್ತಿದ್ದಾಳೆ, ಗೋಡೆ ನೆಕ್ಕುತ್ತಾಳೆ, ಕಣ್ಣಿಡಿ’ ಅಂತ. ಅವರಿಂದ ಮರುಟಪಾಲಿಗೇ ಉತ್ತರ ಬಂತು. ನನ್ನಂಥ ಗಟ್ಟಿ ಮನಸ್ಸಿನ ಬಂಧುಗಳು ಸಿಕ್ಕರೆ ಅವರ ಕೆಲಸ ಎಷ್ಟೋ ಹಗುರವಂತೆ. ಇಷ್ಟು ವರ್ಷದಲ್ಲಿ ನನ್ನ ಮನಸ್ಸನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು. ಆ ಕಾಗದವನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ, ಬಂದವರೆಲ್ಲ ಓದಲಿ.

ಕೋಪ ಮಾಡಿಕೊಳ್ಳಬೇಡ. ನೀನೇ ಬರೆದುಕೊಟ್ಟದ್ದನ್ನು ನಾನು ಪಾಲಿಸುತ್ತಿದ್ದೇನೆ. ಹಲ್ಲು ಕಚ್ಚಿ ತಡೆದುಕೋ.

ಅಕ್ಕ


ಏಪ್ರಿಲ್ ೭

ಅಕ್ಕಾ,

ಅಡುಗೆಮನೆಯ ಕಡೆಯ ಬಾಗಿಲಿಗೆ ಬೀಗ ಹಾಕಿಸಿದ್ದಾರೆ. ಎಲ್ಲರ ಮುಂದೆ ನನ್ನ ಪೆಟ್ಟಿಗೆ ಬಿಚ್ಚಿ ನೋಡಿದರು. ಗೋಡೆಯ ವಿಷಯ ಯಾರಿಗೂ ಹೇಳಬೇಡ ಅಂದಿದ್ದೆ.

ಅದು ಹೋಗಲಿ. ಈಗ ಕೇಳು. ಬೆಳಗಿನಿಂದ ವಾಂತಿ. ನೀರು ಕುಡಿದರೂ ನಿಲ್ಲುವುದಿಲ್ಲ. ಹೊಟ್ಟೆ ಹಿಂಡುತ್ತದೆ, ಕಾಲು ನನ್ನವಲ್ಲ ಅನಿಸುತ್ತದೆ. ಸ್ನಾನದ ಮನೆಗೆ ಹೋಗಲು ಟೀಚರಮ್ಮನ ಹೆಗಲು ಬೇಕು. ಅವರು ಚಿಕಿತ್ಸಕರ ಹತ್ತಿರ ಹೋಗಿ ಜಗಳವಾಡಿದರು. ಅವರು ಬಂದು ನನ್ನ ಹಣೆ ಮುಟ್ಟಿ, “ಇದೇ ಕೊನೇ ಮೆಟ್ಟಿಲು. ತಂಗಿ ಏಳೋಕೆ ಮುಂಚೆ ಹಟ ಮಾಡ್ತಿದ್ದಾಳೆ” ಅಂದು ಪುಡಿಯನ್ನು ಎರಡು ಚಮಚ ಮಾಡಿದರು.

ಹೋದ ವರ್ಷ ಮೊದಲು ಆಸ್ಪತ್ರೆಗೆ ಸೇರಿದಾಗ ಹೀಗೇ ಆಗಿತ್ತಲ್ಲ, ನೆನಪಿದೆಯೇ? ನೀನು ನನ್ನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಬೈದೆ, ಆದರೆ ಕೈ ಬಿಟ್ಟಿರಲಿಲ್ಲ. ಹಾಗೇ ಆಗುತ್ತಿದೆ. ನನಗೆ ಭಯವಾಗಿದೆ.

ನಾನು ಬರೆದುಕೊಟ್ಟದ್ದು ತಪ್ಪು. ಮೂರ್ಖಳ ಹಾಗೆ ಬರೆದೆ. ಬಿಳಿ ಮಾತ್ರೆ ಕಳಿಸು. ಇಲ್ಲ, ಕಳಿಸಬೇಡ, ಟಪಾಲು ತಡವಾಗುತ್ತದೆ, ನೀನೇ ತಗೊಂಡು ಬಾ. ಬಂದು ಸಹಿ ಹಾಕು. ಅಂಗಡಿಗೆ ಒಂದು ದಿನ ಬಾಗಿಲು ಹಾಕು. ಆಮೇಲೆ ಜನ್ಮವಿಡೀ ಬೈಯಿ, ತಲೆ ತಗ್ಗಿಸಿಕೊಂಡು ಕೇಳುತ್ತೇನೆ. ಇದು ರೋಗವಲ್ಲ ಅಕ್ಕಾ, ನಾನೇ.

ನಿನ್ನ ತಂಗಿ


ಏಪ್ರಿಲ್ ೧೧

ಅರ್ಧಮ್ಮನಿಗೆ,

‘ಇದು ರೋಗವಲ್ಲ ನಾನೇ ಅಂತ ಹೇಳಬಹುದು. ನಂಬಬೇಡ.’ ಇದು ಯಾರ ಕೈಬರಹ? ನಿನ್ನ ಮೊದಲ ಕಾಗದ ನನ್ನ ಮುಂದೆಯೇ ಇದೆ. ನಿನ್ನ ನಾಟಕದ ಸಾಲುಗಳನ್ನು ನೀನೇ ಮುಂಚಿತವಾಗಿ ಬರೆದು ಕಳಿಸಿದ್ದೀಯ, ಈಗ ಒಂದಕ್ಷರ ಬದಲಿಸದೆ ಆಡುತ್ತಿದ್ದೀಯ. ಓದಿ ನನಗೆ ನಗು ಬಂತು. ನಿಜವಾಗಿ ಜೋರಾಗಿ ನಕ್ಕೆ, ಇಸ್ತ್ರಿಗೆ ಬಂದ ಗಿರಾಕಿ ಹೆದರಿಕೊಂಡ.

ಈಜುಕೊಳದ ದಿನ ನೆನಪಿದೆಯೇ? ಇಬ್ಬರನ್ನೂ ಒಟ್ಟಿಗೇ ಕಳಿಸಿದ್ದರು. ನೀನು ಅಂಚಿನಲ್ಲಿ ಕೂತು “ಸತ್ತೇ ಹೋಗ್ತೀನಿ” ಅಂತ ಕಿರುಚಿದೆ. ಅಮ್ಮ ಓಡಿ ಬಂದು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಮನೆಗೆ ಹೋದಳು. ನನ್ನನ್ನು ಈಜು ಕಲಿಸುವವರು ನೀರಿಗೆ ತಳ್ಳಿದರು. ಮೂಗಿಗೆಲ್ಲ ನೀರು ಹೋಯಿತು. ಅಮ್ಮ ಎಲ್ಲಿ ಅಂತ ತಿರುಗಿ ನೋಡಿದರೆ ಅವಳು ನಿನ್ನ ತಲೆ ಒರೆಸುತ್ತಾ ಗೇಟು ದಾಟುತ್ತಿದ್ದಳು. ನನಗೆ ಈಜು ಬಂತು. ನಿನಗೆ ಇವತ್ತಿಗೂ ಬರುವುದಿಲ್ಲ. ಅವತ್ತು ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಈ ಸಲ ಟವೆಲ್ ಹಿಡಿದುಕೊಂಡು ಯಾರೂ ಬರುವುದಿಲ್ಲ. ವಾಂತಿ ಬಂದರೆ ಮಾಡು. ಕಾಲು ನಡುಗಿದರೆ ಕೂತುಕೋ. ಸಾಯುವವರು ಇಷ್ಟು ಉದ್ದದ ಕಾಗದ ಬರೆಯುವುದಿಲ್ಲ, ಇಷ್ಟು ದುಂಡಗೂ ಬರೆಯುವುದಿಲ್ಲ. ಹೋದ ವರ್ಷ ಟ್ಯಾಕ್ಸಿಯಲ್ಲಿ ಕೈ ಹಿಡಿದೆ, ಅದಕ್ಕೇ ನೀನು ಹೀಗಾದೆ.

ಮತ್ತೆ ಹೀಗೆ ಬರೆದರೆ ಕವರು ಒಡೆಯದೆ ಬಾಯ್ಲರಿಗೆ ಹಾಕುತ್ತೇನೆ.

ಅಕ್ಕ


ಏಪ್ರಿಲ್ ೧೪

ಅಕ್ಕಾ

ನಾನು ಹೇಳುತ್ತಾ ಟೀಚರಮ್ಮ ಬರೆಯುತ್ತಿದ್ದಾರೆ. ನನ್ನ ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ.

ಮಾತ್ರೆ ತಗೊಂಡು ಬಾ.

ನಿನ್ನ ಕಾಲಿಗೆ ಬೀಳುತ್ತೇನೆ. ನೀನು ಹೇಳಿದ್ದೆಲ್ಲ ಹೌದು, ನಾನು ಸೋಮಾರಿ, ನಾನು ಅರ್ಧ, ಎಲ್ಲಾ ಒಪ್ಪಿದೆ. ಬಾ.


ಏಪ್ರಿಲ್ ೨೬

ಪ್ರೀತಿಯ ತಂಗಿಗೆ,

ನೋಡು, ಅರ್ಧಮ್ಮ ಅಂತ ಬರೆಯಲಿಲ್ಲ. ಇನ್ನು ಮುಂದೆ ಬರೆಯುವುದೂ ಇಲ್ಲ.

ನಿನ್ನ ಕೊನೆಯ ಕಾಗದ ಬಂದಾಗ, ಹೇಳಿದ ಹಾಗೆ ಬಾಯ್ಲರಿಗೆ ಹಾಕಲು ಹೋದೆ. ಕೈ ಬರಲಿಲ್ಲ, ಒಡೆದೆ. ಬೇರೆಯವರ ಕೈಯಲ್ಲಿ ಬರೆಸಿದ್ದು ನೋಡಿ ನೇರ ಕೌಂಟರಿಗೆ ಹೋದೆ. ಡ್ರಾಯರಿನ ಬೀಗವನ್ನೂ ತೆಗೆದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾನು ಬರೆದದ್ದು ನೆನಪಾಯಿತು, ದುಂಡಗೆ ಬರೆದಿದ್ದೀಯ ಅಂತ ಹಂಗಿಸಿದ್ದೆನಲ್ಲ. ಅದಕ್ಕೇ ಬೇರೆಯವರ ಕೈಲಿ ಬರೆಸಿದ್ದಾಳೆ, ಕಳ್ಳಿ, ಅಂತ ಗೊತ್ತಾಯಿತು. ಬೀಗ ಮತ್ತೆ ಹಾಕಿದೆ.

ಆಮೇಲೆ ಕಾಗದವೇ ಇಲ್ಲ! ಅಳು ಇಲ್ಲ, ಆಣೆ ಇಲ್ಲ. ಮೊದಮೊದಲು ಮುನಿಸು ಅಂದುಕೊಂಡೆ. ಆಮೇಲೆ ಅರ್ಥವಾಯಿತು, ಕೊನೇ ಮೆಟ್ಟಿಲು ದಾಟಿಬಿಟ್ಟಿದ್ದಾಳೆ. ಸುಮ್ಮನೆ ಕೂತು ಯೋಚಿಸಿ ನೋಡಿದೆ, ನೀನು ಯಾವುದನ್ನಾದರೂ ಪೂರ್ತಿ ಮಾಡಿದ್ದು ಇದೇ ಮೊದಲು. ನನಗೆ ಅಳು ಬಂತು. ಬಂದ ಗಿರಾಕಿಗಳಿಗೆಲ್ಲ ಹೇಳಿದೆ, “ನಮ್ಮ ಹುಡುಗಿ ಗೆದ್ದುಬಿಟ್ಲು” ಅಂತ. ರೇಷ್ಮೆ ಬ್ಲೌಸಿನವಳು ತನ್ನದೇ ಗೆಲುವು ಅನ್ನುವ ಹಾಗೆ ಬೀಗಿದಳು, ಬಿಟ್ಟುಬಿಟ್ಟೆ.

ಈಗ ಒಂದು ವಿಷಯ ಹೇಳಬಹುದು. ಯಾರೂ ನಿನ್ನನ್ನು ಕೇಳಲಿಲ್ಲ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ನೀನು ಹೋದ ಎರಡನೇ ವಾರ ಗ್ರಂಥಿ ಡಾಕ್ಟರೇ ಅಂಗಡಿಗೆ ಫೋನ್ ಮಾಡಿದ್ದರು. ನೀನು ತಪಾಸಣೆಗೆ ಹೋಗಿರಲಿಲ್ಲವಂತೆ. “ಆ ಬಿಳಿ ಮಾತ್ರೆ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ, ಜೀವಕ್ಕೇ ಬರುತ್ತೆ. ಅವ್ರ ಹತ್ರ ಮಾತ್ರೆ ಇದೆ ತಾನೇ?” ಅಂತ ಎರಡೆರಡು ಸಲ ಕೇಳಿದರು. “ಪ್ರವಾಸ ಹೋಗಿದ್ದಾಳೆ, ಜೊತೇಲೇ ತಗೊಂಡು ಹೋಗಿದ್ದಾಳೆ” ಅಂದೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ಅದನ್ನೇ ನೆಪ ಮಾಡಿಕೊಂಡು ಮಾರನೆಯ ದಿನವೇ ಪೆಟ್ಟಿಗೆ ಕಟ್ಟುತ್ತಿದ್ದೆ, ನನಗೆ ಗೊತ್ತಿಲ್ಲವೇ ನೀನು? ನಿನ್ನ ಒಳ್ಳೆಯದಕ್ಕೇ ನುಂಗಿಕೊಂಡೆ. ಈಗ ನೋಡು, ಡಾಕ್ಟರಿಗಿಂತ ನಾವೇ ಜಾಣರಾದೆವು.

ಭಾನುವಾರ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊ‌ರಟರೆ ಮಧ್ಯಾಹ್ನಕ್ಕೆ ಅಲ್ಲಿರುತ್ತೇನೆ. ನಿನ್ನ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಕೆಲಸಕ್ಕೆ ಅವಸರವಿಲ್ಲ, ಒಂದು ತಿಂಗಳು ಸುಮ್ಮನೆ ಕೌಂಟರಿನಲ್ಲಿ ಕೂತು ಚೀಟಿ ಬರಿ, ಸಾಕು. ಬೈಯುವುದು ನನ್ನ ನಾಲಿಗೆಗೆ ಅಂಟಿದ ರೋಗ ಕಣೇ. ಮನಸ್ಸಿನಲ್ಲಿ ನಿನ್ನನ್ನು ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ?

ನಿನ್ನ ಅಕ್ಕ


ಏಪ್ರಿಲ್ ೩೦

ಅಕ್ಕಾ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಬೆಟ್ಟದ ಕೆಳಗಿನ ಊರಿನದು, ಸಣ್ಣದು. ಇದು ನನ್ನದೇ ಕೈಬರಹ. ಸೊಟ್ಟಗಿದೆ, ನಿನಗೆ ನಂಬಿಕೆ ಬರಲಿ.

ನೀನು ಆ ಕೊನೆಯ ಕಾಗದ ಓದಿ ಬೀಗ ಮತ್ತೆ ಹಾಕಿದ ಹೊತ್ತಿಗೆ ನನಗೆ ಪ್ರಜ್ಞೆ ಇರಲಿಲ್ಲ. ಟೀಚರಮ್ಮ ತರಕಾರಿ ತರುವ ವ್ಯಾನಿನ ಮುಂದೆ ನೆಲದ ಮೇಲೆ ಕೂತುಬಿಟ್ಟರಂತೆ. “ಇವಳನ್ನ ಹತ್ತಿಸ್ಕೊಳ್ಳಿ, ಇಲ್ಲಾಂದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ” ಅಂದರಂತೆ. ಗೇಟು ತೆಗೆದರು. ಸಹಿ ಯಾರೂ ಕೇಳಲಿಲ್ಲ. ಎಲೆಕೋಸಿನ ಖಾಲಿ ಮೂಟೆಗಳ ಮೇಲೆ ಮಲಗಿಸಿಕೊಂಡು ಬಂದರಂತೆ, ನನಗೆ ಒಂದೂ ಗೊತ್ತಿಲ್ಲ.

ಇಲ್ಲಿ ಮೊದಲು ನರಕ್ಕೆ ಏರಿಸಿದ್ದು ಉಪ್ಪುನೀರು, ಆಮೇಲೆ ಅದೇ ಬಿಳಿ ಮಾತ್ರೆಯ ಔಷಧಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನಗೆ ಅರ್ಥವಾಗುವ ಹಾಗೆ ಹೇಳಿದರು. ಆ ಬಿಳಿ ಮಾತ್ರೆ ಇಲ್ಲದ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ಅದಕ್ಕೇ ನಾಲಿಗೆ ಗೋಡೆ ಹುಡುಕುತ್ತದಂತೆ. ಅದರ ಮೇಲೆ ಥೈರಾಯ್ಡ್ ಪುಡಿ ಕೊಡುವುದು ಅಂದರೆ ನೀರಿಲ್ಲದ ಪಾತ್ರೆಯ ಕೆಳಗೆ ಉರಿ ಜೋರು ಮಾಡಿದ ಹಾಗೆ. ಇನ್ನು ಸ್ವಲ್ಪ ತಡವಾಗಿದ್ದರೆ ನಿಮ್ಮ ಜೊತೆ ಮಾತಾಡುತ್ತಿರಲಿಲ್ಲ ಅಂದರು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆ, ಅದು ಎಷ್ಟು ಅಂತ ಈಗಲೇ ಹೇಳಲಾಗುವುದಿಲ್ಲವಂತೆ. ಕಾಲು ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ.

ಇದಕ್ಕೆಲ್ಲ ನಿನ್ನನ್ನು ದೂರಿರಲಿಲ್ಲ. ನಿಜವಾಗಿ ದೂರಿರಲಿಲ್ಲ. ಇಲ್ಲಿ ಮಲಗಿಕೊಂಡು ದಿನವೂ ಅದನ್ನೇ ಯೋಚಿಸುತ್ತಿದ್ದೆ. ಮಾತ್ರೆ ಬಿಟ್ಟವಳು ನಾನು, ಕಟ್ಟಿ ಹಾಕು ಅಂತ ಬರೆದುಕೊಟ್ಟವಳು ನಾನು. ಅಕ್ಕನಿಗೆ ಏನು ಗೊತ್ತು, ಅವಳಿಗೆ ಗೊತ್ತಿದ್ದಿದ್ದರೆ ಬರಿಗಾಲಲ್ಲಿ ಓಡಿ ಬರುತ್ತಿದ್ದಳು ಅಂತ ಟೀಚರಮ್ಮನ ಹತ್ತಿರ ವಾದ ಮಾಡಿದೆ. ಅವರು ನಿನ್ನನ್ನು ಬೈದಾಗ ಅವರ ಮೇಲೆ ಮುನಿಸಿಕೊಂಡೆ. ನೀನು ಹೆದರುತ್ತೀಯ, ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನೇ ಬರೆಯುತ್ತೇನೆ ಅಂತ, ನಿನಗೆ ತಿಳಿಸದ ಹಾಗೆ ಎಲ್ಲರನ್ನೂ ತಡೆದವಳೂ ನಾನೇ.

ಇವತ್ತು ಅವರು ಆ ಮನೆಗೆ ಹೋಗಿ ನನ್ನ ಪೆಟ್ಟಿಗೆಯನ್ನೂ ನಿನ್ನ ಕಾಗದವನ್ನೂ ತಂದುಕೊಟ್ಟರು. ‘ಪ್ರೀತಿಯ ತಂಗಿಗೆ’ ಅಂತ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಜೋರಾಗಿ ಓದುತ್ತೇನೆ ಕೇಳಿ ಅಂತ ಅವರನ್ನು ಕೂರಿಸಿಕೊಂಡೆ. ಡಾಕ್ಟರ ಫೋನಿನ ಸಾಲು ಬರುವವರೆಗೆ ಜೋರಾಗಿಯೇ ಓದಿದೆ.

ನಿನಗೆ ಗೊತ್ತಿತ್ತು. ಉಪ್ಪು ಕೇಳಿದಾಗ ಗೊತ್ತಿತ್ತು. ಕಾಲಿಗೆ ಬೀಳುತ್ತೇನೆ ಅಂದಾಗಲೂ ಗೊತ್ತಿತ್ತು. ನನಗೆ ಹೇಳಿದ್ದರೆ ನಾನು ಮನೆಗೆ ಬಂದುಬಿಡುತ್ತೇನೆ ಅನ್ನುವುದೇ ನಿನಗೆ ದೊಡ್ಡ ಭಯವಾಯಿತು. ನಾನು ಸಾಯುವುದಕ್ಕಿಂತ ಅರ್ಧಕ್ಕೆ ಬಿಡುವುದೇ ನಿನಗೆ ಕೆಟ್ಟದಾಗಿ ಕಂಡಿತು. ಹುಟ್ಟಿದಾಗಿನಿಂದ ನಾನು ಕೇಳಿದ್ದಕ್ಕೆಲ್ಲ ಇಲ್ಲ ಅಂದವಳು ನೀನು. ಒಂದೇ ಒಂದು ಸಲ ಆಗಲಿ ಅಂದೆ, ಆ ಕಟ್ಟುಪತ್ರಕ್ಕೆ.

ಸೇರಿಸಿಕೊಳ್ಳುವಾಗ ಹತ್ತಿರದ ಸಂಬಂಧಿಕರು ಯಾರು ಅಂತ ಕೇಳಿದ್ದಕ್ಕೆ ಟೀಚರಮ್ಮ ‘ಅಕ್ಕ’ ಅಂತ ಹೇಳಿದ್ದರಂತೆ. ಇವತ್ತು ಮಧ್ಯಾಹ್ನ ನರ್ಸನ್ನು ಕರೆದು ಅದನ್ನು ಹೊಡೆದುಹಾಕಿಸಿದೆ. “ಯಾರ ಹೆಸರು ಹಾಕ್ಲಿ ಮತ್ತೆ?” ಅಂದಳು. ಯಾರೂ ಇಲ್ಲ ಅಂದೆ.

ಶನಿವಾರ ನನ್ನನ್ನು ಬಿಡುತ್ತಾರೆ. ಟೀಚರಮ್ಮನ ಜೊತೆ ಹೋಗುತ್ತಿದ್ದೇನೆ. ಅವರ ಊರು ಯಾವುದು ಅಂತ ನಾನು ನಿನಗೆ ಬರೆದಿಲ್ಲ, ಇನ್ನು ಬರೆಯುವುದೂ ಇಲ್ಲ. ನಾನು ಅವರ ಜೊತೆ ಹೋಗುತ್ತಿರುವುದು ಆ ಮನೆಯಲ್ಲೂ ಯಾರಿಗೂ ಗೊತ್ತಿಲ್ಲ, ಕೇಳಿ ಪ್ರಯೋಜನವಿಲ್ಲ.

ಈ ಕಾಗದವನ್ನು ಇವತ್ತು ಅಂಚೆಗೆ ಹಾಕಿದರೆ ನೀನು ಹೊರಡುವ ಮುಂಚೆ ಕೈಗೆ ಸಿಗುತ್ತದೆ. ಅದಕ್ಕೇ ಹಾಕುತ್ತಿಲ್ಲ. ಆ ಮನೆಯ ಗೇಟಿನವನ ಹತ್ತಿರ ಕೊಟ್ಟು ಹೋಗುತ್ತೇನೆ, ಭಾನುವಾರ ಮಧ್ಯಾಹ್ನ ಒಬ್ಬರು ಬರುತ್ತಾರೆ, ಅವರ ಕೈಗೇ ಕೊಡು ಅಂತ. ನೀನು ಅಂಗಡಿಗೆ ಬಾಗಿಲು ಹಾಕಬೇಕು, ಒಳ್ಳೆಯ ಸೀರೆ ಉಟ್ಟುಕೊಳ್ಳಬೇಕು, ಬೆಳಗಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ತಂಗಿಯನ್ನು ಕರೆದುಕೊಂಡು ಬರಲು ಹೊರಟಿದ್ದೇನೆ ಅಂತ ಹೇಳಬೇಕು. ಆ ಏರು ದಾರಿಯನ್ನು ಹತ್ತಿ ಬಂದು, ಗೇಟಿನಲ್ಲಿ ನಿಂತು, ನಾನು ಎಲ್ಲಿ ಅಂತ ಕೇಳಬೇಕು.